ಮನೆಯೊಳಗಿನ ಪುಟ್ಟ ಗ್ರೀನ್‌ಹೌಸ್: ಗಿಡ ಸೊರಗಿದರೆ ಎಲ್ಲಿಂದ ಹುಡುಕೋದು?

ನಮ್ಮದು ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟ್. ಅಡುಗೆಮನೆ ಹಿಂದಿನ ಯುಟಿಲಿಟಿಯಲ್ಲಿ, ವಾಷಿಂಗ್ ಮಷೀನ್ ಪಕ್ಕದಲ್ಲಿ, ನಾಲ್ಕು ಅಂತಸ್ತಿನ ಕಬ್ಬಿಣದ ಸ್ಟ್ಯಾಂಡ್ ಇದೆ. ಅದಕ್ಕೆ ಜಿಪ್ ಇರುವ ಪ್ಲಾಸ್ಟಿಕ್ ಹೊದಿಕೆ, ಪ್ರತಿ ಅಂತಸ್ತಿಗೂ ಎರಡು ಎಲ್‌ಇಡಿ ಟ್ಯೂಬ್. ಇಷ್ಟೇ ನಮ್ಮ ಗ್ರೀನ್‌ಹೌಸ್. ಮೆಂತ್ಯ, ಕೊತ್ತಂಬರಿ, ಪಾಲಕ್, ದಂಟು, ಪುದೀನ, ಎರಡು ಮೆಣಸಿನ ಗಿಡ, ಒಂದು ಟೊಮೆಟೊ ಅದರಲ್ಲಿವೆ. ಇವೆಲ್ಲವೂ ಒಂದಲ್ಲ ಒಂದು ಸಲ ನನ್ನ ಕೈಯಲ್ಲಿ ಸತ್ತಿವೆ.

ಗಿಡ ಸಪ್ಪಗಾದರೆ ನಾವು ಮೊದಲು ಮಾಡುವುದು ಏನಾದರೂ ಹಾಕುವುದು. ನೀರು ಹಾಕ್ತೀವಿ, ಗೊಬ್ಬರ ಹಾಕ್ತೀವಿ, ಯಾರೋ ಹೇಳಿದರು ಅಂತ ಮಜ್ಜಿಗೆಯನ್ನೂ ಹಾಕ್ತೀವಿ. ಆದರೆ ಮುಚ್ಚಿದ ಗ್ರೀನ್‌ಹೌಸ್‌ನಲ್ಲಿ ಬರುವ ಹೆಚ್ಚಿನ ತೊಂದರೆಗಳಿಗೆ ಕಾರಣ ಯಾವುದೋ ಒಂದು ಜಾಸ್ತಿ ಆಗಿರುವುದು. ಅದಕ್ಕೇ ಕೆಳಗಿನ ಎಲ್ಲ ತಪಾಸಣೆಗಳೂ ಕಾಸು ಖರ್ಚಿಲ್ಲದೆ ನೋಡುವುದರಿಂದ ಶುರುವಾಗುತ್ತವೆ. ಅಂಗಡಿಗೆ ಹೋಗುವ ಮಾತು ಆಮೇಲೆ.

ಮೊದಲು ಕರೆಂಟ್

ನೀರು, ಕಬ್ಬಿಣ, ಕರೆಂಟ್ ಮೂರೂ ಒಂದೇ ಕಡೆ ಇವೆ. ಹಾಗಾಗಿ ಒಳಗೆ ಕೈ ಹಾಕುವ ಮೊದಲು ಪ್ಲಗ್ ತೆಗೆಯಿರಿ. ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲೆ ಬೇಡ, ಕುಂಡಗಳ ಕೆಳಗಂತೂ ಬೇಡವೇ ಬೇಡ. ವೈರು ಪ್ಲಗ್ ಸೇರುವ ಮೊದಲು ಸ್ವಲ್ಪ ಕೆಳಕ್ಕೆ ಜೋತು ಬಿದ್ದು ಮೇಲೇರಬೇಕು. ಆಗ ವೈರಿನ ಮೇಲೆ ಹರಿದ ನೀರು ಪ್ಲಗ್ಗಿಗೆ ಹೋಗದೆ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಮನೆಯ ಎಂಸಿಬಿ ಡಬ್ಬಿಯಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ ನೋಡಿ. ಅದರ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಟಕ್ ಅಂತ ಬೀಳಬೇಕು.

ಸ್ಟ್ಯಾಂಡ್ ಮುಟ್ಟಿದಾಗ ಕೈ ಜುಮ್ ಅಂದರೆ, ಟ್ಯೂಬಿನ ಹತ್ತಿರ ಸುಟ್ಟ ವಾಸನೆ ಬಂದರೆ, ಅಥವಾ ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಮೆಂತ್ಯ ಸೊಪ್ಪು ನಾಳೆ ಮಾರ್ಕೆಟ್ಟಿನಲ್ಲಿ ಸಿಗುತ್ತದೆ.

ಸಸಿ ಉದ್ದಕ್ಕೆ ಬೆಳೆದು ಬಾಗುತ್ತಿದೆ

ಕಾಂಡ ದಾರದ ಹಾಗೆ ತೆಳ್ಳಗಿದೆ, ಎಲೆ ಚಿಕ್ಕದು, ಇಡೀ ಸಸಿ ಕಿಟಕಿ ಕಡೆ ವಾಲಿದೆ. ಇದು ಬೆಳಕು ಸಾಲದ ಲಕ್ಷಣ. ಗೊಬ್ಬರ ಹಾಕಿದರೆ ಇನ್ನಷ್ಟು ಉದ್ದ ಆಗುತ್ತದೆ, ಅಷ್ಟೇ.

ನಮ್ಮ ಕಣ್ಣು ಇಲ್ಲಿ ಮೋಸ ಮಾಡುತ್ತದೆ. ಮಧ್ಯಾಹ್ನದ ಬಯಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ (ಬೆಳಕಿನ ಅಳತೆ) ಇರುತ್ತದೆ. "ಚೆನ್ನಾಗಿ ಬೆಳಕಿದೆ" ಅನ್ನಿಸುವ ಹಾಲ್‌ನಲ್ಲಿ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಎಲೆ ಇರುವ ಎತ್ತರದಲ್ಲಿ ಕೈ ಹಿಡಿದು ನೆರಳು ನೋಡಿ. ಬೆರಳುಗಳ ಅಂಚು ಸ್ಪಷ್ಟವಾಗಿ ಕಂಡರೆ ಪರವಾಗಿಲ್ಲ. ಮಸುಕಾಗಿ ಹರಡಿದ್ದರೆ ಬೆಳಕು ಕಮ್ಮಿ. ಫೋನಿನ ಲಕ್ಸ್ ಆ್ಯಪ್ ಪೂರ್ತಿ ಕರಾರುವಾಕ್ಕಲ್ಲ, ಆದರೆ ಮೇಲಿನ ಅಂತಸ್ತಿಗೂ ಕೆಳಗಿನದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ತಿಳಿಯಲು ಸಾಕು.

ಮೊದಲ ಪರಿಹಾರ ಪುಕ್ಕಟೆ: ಕುಂಡದ ಕೆಳಗೆ ಡಬ್ಬಿ ಇಟ್ಟು ಗಿಡವನ್ನು ಟ್ಯೂಬಿನ ಹತ್ತಿರಕ್ಕೆ ಎತ್ತಿ. 15ರಿಂದ 20 ಸೆಂಟಿಮೀಟರ್ ಅಂತರ ಸಾಕು. ಎರಡನೆಯದು ಸಮಯ. ದಿನಕ್ಕೆ 12ರಿಂದ 14 ಗಂಟೆ ಬೆಳಕು ಇರಲಿ, ರಾತ್ರಿ ಪೂರ್ತಿ ಕತ್ತಲೆ ಇರಲಿ. ಮೂರನೆಯದು ಇನ್ನೊಂದು ಟ್ಯೂಬ್. 20 ವ್ಯಾಟಿನ ಎರಡು ಟ್ಯೂಬ್ 14 ಗಂಟೆ ಉರಿದರೆ ದಿನಕ್ಕೆ 0.56 ಯೂನಿಟ್, ತಿಂಗಳಿಗೆ ಹೆಚ್ಚುಕಮ್ಮಿ 17 ಯೂನಿಟ್. ನಾಲ್ಕು ಅಂತಸ್ತಿಗೆ ಎಷ್ಟಾಯ್ತು ಅಂತ ಲೆಕ್ಕ ಹಾಕಿಕೊಂಡೇ ಮುಂದುವರಿಯಿರಿ.

ನೇರಳೆ ಬಣ್ಣದ ಗ್ರೋ ಲೈಟೇ ಬೇಕು ಅಂತೇನಿಲ್ಲ. ಮಾಮೂಲಿ ಬಿಳಿ ಟ್ಯೂಬಿನಲ್ಲೇ ಸೊಪ್ಪು ಚೆನ್ನಾಗಿ ಬರುತ್ತದೆ. ನಾನೂ ಮೊದಲು ನೇರಳೆ ಲೈಟೇ ಹಾಕಿದ್ದೆ. ಎದುರು ಬ್ಲಾಕಿನವರು ಲಿಫ್ಟ್‌ನಲ್ಲಿ ಸಿಕ್ಕಿ "ಪಬ್ ಏನಾದ್ರೂ ತೆಗೆದ್ರಾ?" ಅಂತ ಕೇಳಿದ ಮೇಲೆ ತೆಗೆದುಬಿಟ್ಟೆ.

ಉದ್ದವಾಗಿಹೋದ ಟೊಮೆಟೊ ಸಸಿಯನ್ನು ಉಳಿಸಬಹುದು. ಕಾಂಡವನ್ನು ಮೊದಲ ಎಲೆಗಳವರೆಗೆ ಮಣ್ಣಿನಲ್ಲಿ ಹೂತರೆ ಅಲ್ಲಿಂದಲೇ ಬೇರು ಬಿಡುತ್ತದೆ. ಮೆಂತ್ಯಕ್ಕೆ ಆ ಉಪಾಯ ನಡೆಯದು, ಮತ್ತೆ ಬಿತ್ತಿ.

ಮಣ್ಣು ಒದ್ದೆ ಇದೆ, ಗಿಡ ಬಾಡಿದೆ

ಗಿಡ ಸಾಯುವುದು ಹೆಚ್ಚಾಗಿ ಇಲ್ಲೇ. ಬಾಡಿದ ಗಿಡ ಕಂಡ ತಕ್ಷಣ ಕೈ ಚೊಂಬಿನ ಕಡೆ ಹೋಗುತ್ತದೆ. ತಡೆಯಿರಿ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ, ಆಮೇಲೆ ಕುಂಡ ಎತ್ತಿ ತೂಕ ನೋಡಿ.

ಕುಂಡ ಹಗುರ, ಒಳಗೂ ಒಣಗಿದೆ ಅಂದರೆ ಬರೀ ಬಾಯಾರಿಕೆ. ಆದರೆ ಕುಂಡದ ಮಣ್ಣು ಒಮ್ಮೆ ಪೂರ್ತಿ ಒಣಗಿತು ಅಂದರೆ ನೀರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇಲೆ ಸುರಿದ ನೀರು ಕುಂಡದ ಅಂಚಿನಿಂದ ಇಳಿದು ಕೆಳಗಿನ ತಟ್ಟೆಗೆ ಬರುತ್ತದೆ. ನಾವು "ತುಂಬಾ ನೀರು ಕುಡೀತು" ಅಂದುಕೊಳ್ತೀವಿ. ಬಕೆಟ್ಟಿನಲ್ಲಿ ನಾಲ್ಕು ಬೆರಳು ನೀರು ಹಾಕಿ ಕುಂಡವನ್ನು ಅರ್ಧ ಗಂಟೆ ಅದರಲ್ಲಿ ಇಡಿ. ಕೆಳಗಿನಿಂದ ಹೀರಿಕೊಳ್ಳುತ್ತದೆ.

ಮಧ್ಯಾಹ್ನ ಬಾಡಿ ಸಂಜೆಗೆ ತಾನೇ ಎದ್ದು ನಿಂತರೆ ಅದು ಸೆಖೆ. ಜಿಪ್ ತೆಗೆಯಿರಿ.

ಕುಂಡ ಭಾರ, ಮಣ್ಣು ಹಸಿ, ಆದರೂ ಎಲೆ ಜೋತುಬಿದ್ದಿದೆ, ಕೆಳಗಿನ ಎಲೆಗಳು ಹಳದಿಯಾಗಿವೆ ಅಂದರೆ ಬೇರಿಗೆ ಗಾಳಿ ಸಿಗುತ್ತಿಲ್ಲ. ಬೇರು ಕೊಳೆತರೆ ನೀರಿನ ನಡುವೆ ನಿಂತರೂ ಕುಡಿಯಲು ಆಗುವುದಿಲ್ಲ. ಮಣ್ಣಿಗೆ ಮೂಗು ಹಿಡಿಯಿರಿ. ಮಳೆ ಬಂದ ನೆಲದ ವಾಸನೆ ಬಂದರೆ ಇನ್ನೂ ಆಸೆ ಇದೆ. ಮೋರಿ ವಾಸನೆ ಬಂದರೆ ಒಳಗೆ ಕೊಳೆಯುತ್ತಿದೆ.

ಮೊದಲು ಕುಂಡದ ತಳದ ತೂತು ನೋಡಿ. ಮಣ್ಣು ಕಟ್ಟಿಕೊಂಡಿದ್ದರೆ ಹಳೆಯ ಸ್ಕ್ರೂಡ್ರೈವರಿನಿಂದ ಬಿಡಿಸಿ. ಕುಂಡವನ್ನು ಒಂದು ಪಕ್ಕಕ್ಕೆ ಓರೆಯಾಗಿ ನಿಲ್ಲಿಸಿ. ನೆಟ್ಟಗಿದ್ದಾಗ ತಳದಲ್ಲಿ ನಿಂತ ನೀರು ಓರೆ ಮಾಡಿದರೆ ಇಳಿಯುತ್ತದೆ. ಹೊದಿಕೆ ತೆಗೆದು ಸಣ್ಣ ಫ್ಯಾನ್ ಹಾಕಿ, ಮೂರು ನಾಲ್ಕು ದಿನ ನೀರಿನ ಮಾತೇ ಬೇಡ.

ಆಗಲೂ ಏಳದಿದ್ದರೆ ಗಿಡವನ್ನು ಮಣ್ಣಿನ ಉಂಡೆ ಸಮೇತ ಹೊರಗೆ ತೆಗೆಯಿರಿ. ಬಿಳಿ, ಗಟ್ಟಿ ಬೇರು ಆರೋಗ್ಯದ್ದು. ಕಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದಾಗ ಮೇಲಿನ ಸಿಪ್ಪೆ ಜಾರಿ ಬಂದು ಒಳಗೆ ಬರೀ ದಾರ ಉಳಿದರೆ ಅದು ಕೊಳೆತಿದೆ. ಅರ್ಧಕ್ಕಿಂತ ಹೆಚ್ಚು ಬಿಳಿ ಇದ್ದರೆ ಕೊಳೆತದ್ದನ್ನು ಕತ್ತರಿಸಿ ಹೊಸ ಮಣ್ಣಿಗೆ ಹಾಕಿ. ನಾನು ಬಳಸುವುದು ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಹುಳು ಗೊಬ್ಬರ ಮೂರೂ ಸಮಸಮ. ಬರೀ ಕೆಂಪು ಮಣ್ಣು ಕುಂಡದಲ್ಲಿ ಇಟ್ಟಿಗೆ ಹಾಗೆ ಗಟ್ಟಿಯಾಗುತ್ತದೆ. ಅರ್ಧಕ್ಕಿಂತ ಕಮ್ಮಿ ಬಿಳಿ ಇದ್ದರೆ ಬಿಟ್ಟುಬಿಡಿ. ಪುದೀನ ಆದರೆ ಮೇಲಿನ ಒಂದು ಕುಡಿ ಮುರಿದು ನೀರಿನ ಲೋಟದಲ್ಲಿ ನಿಲ್ಲಿಸಿ, ವಾರ ಹತ್ತು ದಿನದಲ್ಲಿ ಬೇರು ಬರುತ್ತದೆ.

ಬೀಜ ಮೊಳೆಯುತ್ತಿಲ್ಲ, ಮೊಳೆತದ್ದು ಬುಡದಲ್ಲೇ ಬೀಳುತ್ತಿದೆ

ಕೊತ್ತಂಬರಿ ಅಂದರೆ ಮೊದಲು ತಾಳ್ಮೆ. ಮೆಂತ್ಯ ಮೂರರಿಂದ ಐದು ದಿನದಲ್ಲಿ ತಲೆ ಎತ್ತಿದರೆ ಇದಕ್ಕೆ ಹತ್ತು ಹದಿನೈದು ದಿನ ಬೇಕು. ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತವೆ, ಅದಕ್ಕೇ ಚಪ್ಪಲಿ ಅಥವಾ ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಪುಡಿ ಮಾಡಬೇಡಿ. ಏಪ್ರಿಲ್ ಸೆಖೆಯಲ್ಲಿ ಮುಚ್ಚಿದ ಹೊದಿಕೆಯೊಳಗೆ ಇದು ಸರಿಯಾಗಿ ಮೊಳೆಯುವುದಿಲ್ಲ.

ಮೊಳೆತ ಸಸಿ ರಾತ್ರೋರಾತ್ರಿ ನೆಲದ ಮಟ್ಟದಲ್ಲಿ ಹಿಸುಕಿದ ಹಾಗೆ ಸಣ್ಣಗಾಗಿ ಅಡ್ಡ ಬಿದ್ದರೆ ಅದು ಸಸಿ ಸಾಯುವ ರೋಗ. ರೈಜೋಕ್ಟೋನಿಯಾದಂಥ ಮಣ್ಣಿನ ಶಿಲೀಂಧ್ರಗಳು, ಪಿಥಿಯಂನಂಥ ಶಿಲೀಂಧ್ರವನ್ನು ಹೋಲುವ ಜೀವಿಗಳು ಮಾಡುವ ಕೆಲಸ. ಒತ್ತೊತ್ತಾಗಿ ಬಿತ್ತನೆ, ಯಾವಾಗಲೂ ಹಸಿ ಮಣ್ಣು, ಗಾಳಿ ಆಡದ ಜಾಗ ಇವಕ್ಕೆ ಹಬ್ಬ. ಬಿದ್ದ ಸಸಿ ಏಳುವುದಿಲ್ಲ. ಅದನ್ನೂ ಸುತ್ತಲಿನ ಮಣ್ಣನ್ನೂ ಚಮಚದಲ್ಲಿ ತೋಡಿ ಎಸೆಯಿರಿ, ಉಳಿದದ್ದಕ್ಕೆ ತಟ್ಟೆಯಲ್ಲಿ ಕೆಳಗಿನಿಂದ ನೀರು ಕೊಡಿ. ಮುಂದಿನ ಸಲ ಟ್ರೇ ಸೋಪಿನಲ್ಲಿ ತೊಳೆದು ಒಣಗಿಸಿ, ಮಣ್ಣಿಗೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಕಲಸಿ ಬಿತ್ತಿ. ಆ ಟ್ರೇಯ ಹಳೆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ.

ಒಂದು ಸುಳ್ಳು ಗಾಬರಿಯೂ ಇದೆ. ಆಗತಾನೇ ಮೊಳೆತ ಸಾಸಿವೆ, ಮೂಲಂಗಿ ಬೇರಿನ ಸುತ್ತ ಬಿಳಿ ನೂಲಿನಂಥದ್ದು ಕಾಣುತ್ತದೆ. ಬೂಸ್ಟು ಅಂತ ಎಸೆಯುವ ಮೊದಲು ಸ್ಪ್ರೇ ಮಾಡಿ ನೋಡಿ. ನೀರು ಬಿದ್ದ ಕೂಡಲೇ ಬೇರಿಗೆ ಅಂಟಿ ಮಾಯವಾದರೆ ಅದು ಬೇರಿನ ರೋಮ. ಜೇಡರ ಬಲೆಯ ಹಾಗೆ ಬೀಜದಿಂದ ಬೀಜಕ್ಕೆ ಹರಡಿದ್ದು ಹಾಗೇ ಉಳಿದರೆ ಬೂಸ್ಟು.

ಎಲೆ ಹಳದಿ, ಅಂಚು ಸುಟ್ಟ ಹಾಗಿದೆ

ಯಾವ ಎಲೆ ಅನ್ನುವುದೇ ಮುಖ್ಯ ಪ್ರಶ್ನೆ. ಕೆಳಗಿನ ಹಳೆ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕ ಕಮ್ಮಿ, ಒಂದು ಹಿಡಿ ಎರೆಹುಳು ಗೊಬ್ಬರ ಸಾಕು. ಮಣ್ಣು ಒದ್ದೆ ಇದ್ದರೆ ಮಾತ್ರ ಮೇಲೆ ಬರೆದ "ಮಣ್ಣು ಒದ್ದೆ ಇದೆ" ಭಾಗಕ್ಕೆ ವಾಪಸ್ ಹೋಗಿ, ಅದು ಬೇರಿನ ಸಮಸ್ಯೆ. ಹಳೆ ಎಲೆಯಲ್ಲೇ ನರ ಹಸಿರಾಗಿ ಉಳಿದು ನಡುವೆ ಹಳದಿಯಾದರೆ ಮೆಗ್ನೀಸಿಯಂ ಕಮ್ಮಿ. ಲೀಟರಿಗೆ ಒಂದು ಟೀ ಚಮಚ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಕರಗಿಸಿ ಒಂದು ಸಲ ಸ್ಪ್ರೇ ಮಾಡಿ. ಇದೇ ಚಿತ್ರ ತುದಿಯ ಹೊಸ ಎಲೆಯಲ್ಲಿ ಕಂಡರೆ ಕಬ್ಬಿಣದ ಕೊರತೆ. ಗಡಸು ನೀರಿನಿಂದ ಮಣ್ಣಿನ ಕ್ಷಾರ ಏರಿದಾಗ ಹೀಗಾಗುವುದುಂಟು. ಕಬ್ಬಿಣ ಮಣ್ಣಲ್ಲಿ ಇದ್ದರೂ ಗಿಡಕ್ಕೆ ಸಿಗುವುದಿಲ್ಲ.

ಅಂಚು ಮಾತ್ರ ಕಂದಾಗಿ ಒಣಗಿದರೆ, ಮಣ್ಣಿನ ಮೇಲೆ ಅಥವಾ ಕುಂಡದ ಅಂಚಿಗೆ ಬಿಳಿ ಪದರ ಕಟ್ಟಿದ್ದರೆ, ಉಪ್ಪು ಸೇರಿದೆ. ಇದನ್ನು ಕಲಿಯಲು ನನಗೆ ಮೂರು ತಿಂಗಳು ಹಿಡಿಯಿತು. ಮೆಂತ್ಯದ ಅಂಚು ಸುಡುತ್ತಿತ್ತು, ನಾನು ಗೊಬ್ಬರ ಹಾಕುತ್ತಿದ್ದೆ. ಇನ್ನೂ ಸುಡುತ್ತಿತ್ತು. ಒಂದು ಬೆಳಗ್ಗೆ ಗಾಡಿ ತೆಗೆಯಲು ಬೇಸ್‌ಮೆಂಟಿಗೆ ಹೋದಾಗ ಪ್ಲಂಬರ್ ಹೆಗಲ ಮೇಲೆ ಉಪ್ಪಿನ ಮೂಟೆ ಹೊತ್ತುಕೊಂಡು ಪಂಪ್ ರೂಮಿಗೆ ಹೋಗುತ್ತಿದ್ದರು. ಯಾಕೆ ಅಂತ ಕೇಳಿದೆ. "ಸಾಫ್ಟ್‌ನರ್‌ಗೆ ಅಕ್ಕಾ. ಬೋರ್ ನೀರು ಗಡುಸಲ್ವಾ? ಮನೆಯೊಳಗಿನ ಎಲ್ಲಾ ನಲ್ಲಿಗೂ ಇದೇ ನೀರು ಬರೋದು. ಗಾರ್ಡನ್ ಲೈನ್ ಒಂದೇ ಬೇರೆ." ಕೆಳಗಿನ ಲಾನಿಗೆ ಕೊಡದ ನೀರನ್ನು ನಾನು ದಿನಾ ಮೆಂತ್ಯಕ್ಕೆ ಕೊಡುತ್ತಿದ್ದೆ!

ಸಾಫ್ಟ್‌ನರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಳೆದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಬಟ್ಟೆಗೆ, ಗೀಸರಿಗೆ ಒಳ್ಳೆಯದು, ಕುಂಡಕ್ಕೆ ಅಲ್ಲ. ಟಿಡಿಎಸ್ ಮೀಟರ್ ಇದನ್ನು ಹಿಡಿಯುವುದಿಲ್ಲ. ಅದು ಒಟ್ಟು ಎಷ್ಟು ಕರಗಿದೆ ಅಂತ ಹೇಳುತ್ತದೆಯೇ ಹೊರತು ಯಾವುದು ಕರಗಿದೆ ಅಂತ ಅಲ್ಲ. ಹಾಗಾಗಿ ಮೀಟರ್ ಕೊಳ್ಳುವ ಮೊದಲು ಪ್ಲಂಬರನ್ನು ಕೇಳಿ. ಆರ್‌ಓ ಮಷೀನಿನ ವೇಸ್ಟ್ ನೀರೂ ಬೇಡ, ಅದರಲ್ಲಿ ಉಪ್ಪು ಮೂಲ ನೀರಿಗಿಂತ ಜಾಸ್ತಿ. ನೆಲ ಒರೆಸಲು ಇಟ್ಟುಕೊಳ್ಳಿ. ಹೊಸ ಕೋಕೋಪೀಟ್ ಇಟ್ಟಿಗೆಯಲ್ಲೂ ಉಪ್ಪು ಇರಬಹುದು, ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ ಬಳಸಿ.

ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಮಳೆ ನೀರು, ಕಾವೇರಿ ನೀರು ಅಥವಾ ಗಾರ್ಡನ್ ಲೈನಿನ ನೀರು ತನ್ನಿ. ಕುಂಡವನ್ನು ಸಿಂಕಿನಲ್ಲಿಟ್ಟು ಕುಂಡದ ಎರಡು ಮೂರು ಪಟ್ಟು ನೀರನ್ನು ನಿಧಾನವಾಗಿ ಸುರಿದು ಕೆಳಗಿನಿಂದ ಹರಿದುಹೋಗಲು ಬಿಡಿ. ಗೊಬ್ಬರ ಒಂದು ತಿಂಗಳು ನಿಲ್ಲಿಸಿ. ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ, ಹೊಸ ಎಲೆ ಹೇಗೆ ಬರುತ್ತದೆ ಅಂತ ನೋಡಿ.

ಮಣ್ಣಿನಿಂದ ಸಣ್ಣ ಕಪ್ಪು ನೊಣ ಏಳುತ್ತಿದೆ

ಕುಂಡ ಅಲುಗಾಡಿಸಿದರೆ ಎರಡು ಮೂರು ಮಿಲಿಮೀಟರಿನ ನೊಣಗಳು ಎದ್ದು ಸೋಮಾರಿಯಾಗಿ ಹಾರುತ್ತವೆ. ಇವು ಬಾಳೆಹಣ್ಣಿನ ಬುಟ್ಟಿಯ ಸುತ್ತ ಸುಳಿಯುವ ನೊಣ ಅಲ್ಲ, ಫಂಗಸ್ ನ್ಯಾಟ್. ಹಾರುವ ನೊಣ ಏನೂ ಮಾಡದು. ಮಣ್ಣಿನಲ್ಲಿರುವ ಮರಿಗಳು ಎಳೆ ಬೇರು ತಿನ್ನುತ್ತವೆ. ಹಸಿ ಆಲೂಗಡ್ಡೆಯ ಒಂದು ಬಿಲ್ಲೆಯನ್ನು ಮಣ್ಣಿನ ಮೇಲೆ ಇಟ್ಟು ಎರಡು ದಿನ ಬಿಟ್ಟು ತಿರುಗಿಸಿ. ಕಪ್ಪು ತಲೆಯ ಬಿಳಿ ಹುಳು ಕಂಡರೆ ಖಾತ್ರಿ.

ಮೇಲಿನ ಒಂದು ಇಂಚು ಮಣ್ಣು ಒಣಗುವವರೆಗೆ ನೀರು ಬೇಡ. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ. ಜೊತೆಗೆ ಹಳದಿ ಅಂಟು ಹಾಳೆ ನೇತುಹಾಕಿ, ಮೇಲ್ಮಣ್ಣಿಗೆ ಒಂದು ಚಮಚ ಬೇವಿನ ಹಿಂಡಿ ಕಲಸಿ. ಅಡುಗೆಮನೆ ಪಕ್ಕ ಹಿಂಡಿಯ ವಾಸನೆ ಎರಡು ದಿನ ಸಹಿಸಬೇಕು. ಮೊಟ್ಟೆಯಿಂದ ನೊಣ ಆಗಲು ಮೂರು ನಾಲ್ಕು ವಾರ ಹಿಡಿಯುತ್ತದೆ, ಆದ್ದರಿಂದ ಒಂದು ತಿಂಗಳು ಬಿಡದೆ ಮಾಡಿ.

ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಇನ್ನೊಂದು ಅಪಾಯ: ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಷ್ಟು ನೀರು ಸಾಕು. ಅದರ ಮೊಟ್ಟೆ ಒಣ ತಟ್ಟೆಯಲ್ಲೂ ಬದುಕುತ್ತದೆ. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು, ತಟ್ಟೆಯನ್ನು ಬ್ರಷ್ಷಿನಲ್ಲಿ ಉಜ್ಜಬೇಕು.

ಮೆಣಸಿನ ಎಲೆ ಮುಟುರಿಕೊಂಡಿದೆ

ಎಲೆ ತಿರುಗಿಸಿ ನೋಡಿ, ಫೋನ್ ಕ್ಯಾಮೆರಾ ಜೂಮ್ ಮಾಡಿ. ಎಲೆ ದೋಣಿಯ ಹಾಗೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ (ಎಲೆಯ ರಸ ಹೀರುವ ಸಣ್ಣ ಕೀಟ). ಬೋರಲು ಹಾಕಿದ ದೋಣಿಯ ಹಾಗೆ ಕೆಳಕ್ಕೆ ಮಡಚಿದ್ದರೆ ನುಸಿ. ಬಿಳಿ ಹಾಳೆಯ ಮೇಲೆ ಎಲೆಯನ್ನು ತಟ್ಟಿ. ಉದುರಿದ ಚುಕ್ಕೆಗಳು ನಡೆಯತೊಡಗಿದರೆ ಅವೇ ಕಳ್ಳರು. ಮುಟ್ಟಿದಾಗ ಬಿಳಿ ನೊಣಗಳ ಮೋಡ ಎದ್ದು, ಹೊಸ ಎಲೆಗಳು ಗಂಟು ಗಂಟಾಗಿ ಗಿಡವೇ ಕುಳ್ಳಾಗಿದ್ದರೆ ಅವು ತಂದ ವೈರಸ್ ಇರಬಹುದು. ಅದಕ್ಕೆ ಔಷಧಿ ಇಲ್ಲ. ಆ ಗಿಡವನ್ನು ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ.

ವೈರಸ್ ಅಲ್ಲದಿದ್ದರೆ ಮೊದಲು ಗಿಡವನ್ನು ಬಾತ್‌ರೂಮಿಗೆ ಒಯ್ದು ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಬಿಡಿ. ಮೂರು ದಿನಕ್ಕೊಮ್ಮೆ, ಮೂರು ಸಲ. ಸಾಲದಿದ್ದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ. ಮೊದಲು ಒಂದೇ ಎಲೆಗೆ ಹೊಡೆದು ಒಂದು ದಿನ ಕಾಯಿರಿ. ಸುಡದಿದ್ದರೆ ಲೈಟ್ ಆರಿದ ಮೇಲೆ ಪೂರ್ತಿ ಗಿಡಕ್ಕೆ. ಒಂದು ವಾರ ಕೀಳಬೇಡಿ, ಕಿತ್ತ ಮೇಲೆ ಚೆನ್ನಾಗಿ ತೊಳೆಯಿರಿ.

ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಮನೆಯೊಳಗೆ ತರಬೇಡಿ. ಜಿರಲೆ ಸ್ಪ್ರೇಯೂ ಬೇಡ. ಮುಚ್ಚಿದ ಜಾಗ, ಪಕ್ಕದಲ್ಲೇ ಒಲೆ, ತಿನ್ನುವ ಸೊಪ್ಪು.

ಹೂವು ಬರುತ್ತದೆ, ಕಾಯಿ ಕಟ್ಟುವುದಿಲ್ಲ

ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇವೆ, ಆದರೆ ಪರಾಗ ಕೊಳವೆಯೊಳಗೆ ಬಂದಿಯಾಗಿರುತ್ತದೆ. ಹೊರಗೆ ಗಾಳಿ ಅಲ್ಲಾಡಿಸುತ್ತದೆ, ದುಂಬಿ ಹೂವಿಗೆ ಜೋತುಬಿದ್ದು ಗುಂಯ್‌ಗುಟ್ಟಿ ಉದುರಿಸುತ್ತದೆ. ನಿಮ್ಮ ಪ್ಲಾಸ್ಟಿಕ್ ಹೊದಿಕೆಯೊಳಗೆ ಎರಡೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಅಥವಾ ಹಳೆಯ ಎಲೆಕ್ಟ್ರಿಕ್ ಟೂತ್‌ಬ್ರಷ್ ಎರಡು ಸೆಕೆಂಡ್ ತಾಗಿಸಿ.

ತಟ್ಟಿದರೂ ಉದುರುತ್ತಿದ್ದರೆ ಥರ್ಮಾಮೀಟರ್ ಇಡಿ. ಹಗಲು 35 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದರೆ ಪರಾಗ ಕೆಡುತ್ತದೆ. ತೇವ ಜಾಸ್ತಿಯಾದರೆ ಅಂಟಿಕೊಳ್ಳುತ್ತದೆ. ಗಿಡ ದಟ್ಟ ಹಸಿರಾಗಿ ಪೊದೆಯಾಗಿದ್ದರೆ ಗೊಬ್ಬರ ಜಾಸ್ತಿ.

ಹೊದಿಕೆಯೊಳಗೆ ಹನಿ, ಗೋಡೆಗೆ ಬೂಸ್ಟು

ಬೆಳಗ್ಗೆ ಪ್ಲಾಸ್ಟಿಕ್ಕಿನ ಒಳಗೆ ಸ್ವಲ್ಪ ಮಂಜು ಕಟ್ಟುವುದು ಸಹಜ. ಹತ್ತು ಗಂಟೆಗೂ ಹನಿ ಇಳಿಯುತ್ತಿದ್ದರೆ ಜಿಪ್ ಅರ್ಧ ತೆರೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಹೊದಿಕೆ ಮುಚ್ಚುವುದೇ ಇಲ್ಲ. ನಿಜ ಹೇಳಬೇಕೆಂದರೆ ಬೆಂಗಳೂರಿನ ಹವೆಗೆ ಆ ಹೊದಿಕೆಯಿಂದ ಉಪಯೋಗ ಇರುವುದು ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಮಾತ್ರ.

ಸ್ಟ್ಯಾಂಡ್ ಗೋಡೆಯಿಂದ ಒಂದು ಗೇಣು ದೂರ ಇರಲಿ. ಗೋಡೆಗೆ ಕಪ್ಪು ಬೂಸ್ಟು ಬಂದರೆ ಮಾಸ್ಕ್ ಹಾಕಿಕೊಂಡು ಒರೆಸಿ, ಎರಡು ವಾರ ಸ್ಟ್ಯಾಂಡ್ ಬೇರೆ ಕಡೆ ಇಡಿ. ಮತ್ತೆ ಅಲ್ಲೇ ಬಂದರೆ ಗೋಡೆಯೊಳಗೆ ಸೋರಿಕೆ ಇರಬಹುದು, ಅದು ಪ್ಲಂಬರಿನ ಕೆಲಸ. ಮನೆಯಲ್ಲಿ ಆಸ್ತಮಾ ಇರುವವರಿಗೆ ಕೆಮ್ಮು, ಉಬ್ಬಸ ಜಾಸ್ತಿಯಾದರೆ ಕಾಯಬೇಡಿ. ಸ್ಟ್ಯಾಂಡನ್ನು ಹೊರಗೆ ಬಾಲ್ಕನಿಗೆ ಹಾಕಿ, ಡಾಕ್ಟರಿಗೆ ತೋರಿಸಿ.

ಬೇರೆಯವರನ್ನು ಕೇಳುವ ಹೊತ್ತು

ಎರಡು ವಾರ ಇಷ್ಟೆಲ್ಲ ಮಾಡಿಯೂ ಒಂದು ಗಿಡದಿಂದ ಇನ್ನೊಂದಕ್ಕೆ ಹರಡುತ್ತಿದ್ದರೆ ಊಹೆ ಸಾಕು. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕೆ ಇಲಾಖೆಯ ಕಚೇರಿ, ಬೆಂಗಳೂರಿನವರಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇವೆ. ಹೋಗುವಾಗ ಪೂರ್ತಿ ಸತ್ತ ಎಲೆ ಒಯ್ಯಬೇಡಿ, ಅದರಲ್ಲಿ ಏನೂ ತಿಳಿಯುವುದಿಲ್ಲ. ಅರ್ಧ ಕೆಟ್ಟ, ಅರ್ಧ ಚೆನ್ನಾಗಿರುವ ಎಲೆಗಳನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿಕೊಳ್ಳಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ದಾರಿಯಲ್ಲೇ ಬೆವರಿ ಕೊಳೆಯುತ್ತದೆ. ಬೇರು ಸಮೇತ ಒಂದು ಗಿಡ ಇರಲಿ. ಯಾವ ನಲ್ಲಿಯ ನೀರು, ಏನೇನು ಹಾಕಿದಿರಿ, ಯಾವ ದಿನ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಜ್ಜಿಗೆ ಹಾಕಿದ್ದರೆ ಅದನ್ನೂ ಬರೆಯಿರಿ.